ದಣಪೆ ಬಾಗಿಲಿಗೊಂದು ಪಾರ್ಸೆಲ್ ಡಬ್ಬಿ: ನಮ್ಮ ಮಳೆಗೆ, ನಮ್ಮ ಮಂಗಗಳಿಗೆ ತಡೆಯುವ ಹಾಗೆ

ಕೆಲವು ವರ್ಷದ ಹಿಂದೆ ಒಂದು ಆಷಾಢದಲ್ಲಿ ನಡೆದದ್ದು. ಬೆಂಗಳೂರಿನಲ್ಲಿರುವ ಮಗ 5 ಕೆಜಿ ಗೋಧಿ ಹಿಟ್ಟು, ಬಿಸ್ಕತ್ತು, ಅಜ್ಜನಿಗೆ ಒಂದು ಟಾರ್ಚು ಆರ್ಡರ್ ಮಾಡಿದ್ದ. ಡೆಲಿವರಿ ಹುಡುಗ ಮೂರು ಸಲ ಫೋನ್ ಮಾಡಿದನಂತೆ. ಕರೆಂಟ್ ಹೋಗಿ ಟವರ್ ಸತ್ತು ಆಗಲೇ ನಾಲ್ಕು ತಾಸಾಗಿತ್ತು. ಪಾಪ, ಅವನು ಚೀಲವನ್ನು ದಣಪೆಗೆ, ಅಂದರೆ ಬೇಲಿಯ ಗಳುಗಳ ಗೇಟಿಗೆ, ನೇತು ಹಾಕಿ ಹೋದ. ಸಂಜೆ ನಾನು ಕೊಡೆ ಹಿಡಿದು ಹೋಗಿ ನೋಡಿದರೆ ಹಿಟ್ಟು ತಾನೇ ಕಲಸಿಕೊಂಡು ಕೂತಿತ್ತು, ಲಟ್ಟಿಸುವುದೊಂದೇ ಬಾಕಿ. ಬಿಸ್ಕತ್ತಿನ ಖಾಲಿ ಕವರ್ ಹಲಸಿನ ಮರದ ಕೆಳಗೆ ಬಿದ್ದಿತ್ತು. ಟಾರ್ಚನ್ನು ಮಂಗಗಳು ಮುಟ್ಟಿರಲಿಲ್ಲ.

ನಮ್ಮ ಮನೆ ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ. ಟಾರ್ ರಸ್ತೆಯಿಂದ ತೋಟದ ದಾರಿಯಲ್ಲಿ ಏಳೆಂಟು ನಿಮಿಷ ನಡೆಯಬೇಕು. ತಂಗಿ ಇರುವುದು ಕಾರವಾರದಲ್ಲಿ, ರಸ್ತೆಗೆ ತಾಗಿದ ಮನೆ, ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಇಬ್ಬರಿಗೂ ಡಬ್ಬಿ ಬೇಕಿತ್ತು. ಇಬ್ಬರೂ ಮೊದಲು ತಪ್ಪು ಡಬ್ಬಿಯನ್ನೇ ಮಾಡಿಸಿದೆವು. ಆಮೇಲೆ ಸರಿ ಮಾಡಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕಾಯಬೇಕಾದ್ದು ಯಾರಿಂದ?

ಮಾರಾಟಕ್ಕಿರುವ ಡೆಲಿವರಿ ಬಾಕ್ಸುಗಳೆಲ್ಲ ಕಳ್ಳನನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದವು. ದಪ್ಪ ತಗಡು, ದೊಡ್ಡ ಬೀಗ, ನಂಬರ್ ಒತ್ತುವ ಪ್ಯಾಡು. ನಮ್ಮ ಕಡೆ ಕಳ್ಳ ಬರುವುದು ನಾಲ್ಕನೇ ಸ್ಥಾನದಲ್ಲಿ. ಮೊದಲು ಮಳೆ, ಆಮೇಲೆ ಮಂಗ, ಆಮೇಲೆ ಇರುವೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಹತ್ತಿರ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದ ಮೇಲೂ ಏನು ಕಡಿಮೆ ಇಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಇದರ ಜೊತೆ ಉಪ್ಪು ಗಾಳಿ ಒಂದು ಸೇರಿಕೊಳ್ಳುತ್ತದೆ. ಹಾಗಾಗಿ ಬೀಗದ ಚಿಂತೆ ಆಮೇಲೆ, ನೀರಿನ ಚಿಂತೆ ಮೊದಲು.

ಜಾಗ ನೋಡುವುದು

ನಾನು ಮಾಡಿದ ದೊಡ್ಡ ತಪ್ಪು ಇದೇ. ಡಬ್ಬಿಯ ಬಾಗಿಲು ರಸ್ತೆಗೆ ಮುಖ ಮಾಡಿರಲಿ, ಹುಡುಗರಿಗೆ ಸುಲಭ ಅಂತ ಪಡುವಣಕ್ಕೆ ಇಟ್ಟೆ. ಮಳೆಗಾಲದ ಗಾಳಿ ಬರುವುದೇ ಅಲ್ಲಿಂದ. ಮೇಲಿಂದ ಬೀಳುವ ಮಳೆಯನ್ನು ಹೇಗಾದರೂ ತಡೆಯಬಹುದು, ಅಡ್ಡಡ್ಡ ಬರುವ ಇರಚಲು ಬಾಗಿಲ ಸಂದಿನಲ್ಲೇ ನುಗ್ಗುತ್ತದೆ. ಜಗುಲಿಗೆ ಮಳೆಗಾಲದಲ್ಲಿ ತಟ್ಟಿ ಕಟ್ಟುವುದು ಯಾವ ಕಡೆಗೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಡಬ್ಬಿಯ ಬೆನ್ನು ಆ ಕಡೆಗಿರಬೇಕು, ಬಾಗಿಲು ಮೂಡಣಕ್ಕೋ ಬಡಗಣಕ್ಕೋ ಇರಲಿ.

ತೆಂಗಿನ ಮರದ ಕೆಳಗೆ ಇಡಬೇಡಿ. ಇದನ್ನು ಹೇಳಬೇಕಾ ಅನ್ನಿಸಬಹುದು. ತಂಗಿಯ ಮನೆ ಡಬ್ಬಿಯ ಮಾಡಿನಲ್ಲಿ (ಮೇಲಿನ ಚಾವಣಿಯಲ್ಲಿ) ಈಗಲೂ ಒಂದು ಹೊಂಡ ಇದೆ, ಮಳೆ ಬಂದರೆ ಅದರಲ್ಲಿ ಕಾಗೆ ನೀರು ಕುಡಿಯುತ್ತದೆ. ಹಲಸಿನ ಮರಕ್ಕೂ ಇದೇ ಮಾತು.

ನೆಲದಿಂದ ಒಂದೂವರೆ, ಎರಡು ಅಡಿ ಎತ್ತರದಲ್ಲಿರಲಿ. ಅಂಗಳದ ನೀರು ಸಿಡಿಯುವುದು ಸುಮಾರು ಅಲ್ಲಿಯವರೆಗೆ. ನೆಲಕ್ಕೆ ತಾಗಿಸಿಟ್ಟರೆ ಅಡಿಯ ಬೆಚ್ಚನೆಯ ಜಾಗದಲ್ಲಿ ಹಾವು ಮಲಗುವುದೂ ಉಂಟು. ಇನ್ನೊಂದು, ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿ ನೆಡಬೇಡಿ. ನಿಮ್ಮ ಬೇಲಿಯ ಒಳಗೇ ಇರಲಿ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಅದೇ. ನಾಲ್ಕೈದು ಮನೆ ಸೇರಿ ಕೇರಿಗೆಲ್ಲ ಒಂದೇ ಡಬ್ಬಿ, ಬೇರೆ ಬೇರೆ ಖಾನೆ ಮಾಡುವುದಾದರೂ ಯಾರಾದರೊಬ್ಬರ ಸ್ವಂತ ಜಾಗ ನೋಡಿ.

ಅಳತೆ

ಸುಮ್ನೆ ಅಂದಾಜಿಗೆ ಹೇಳಬೇಡಿ. ಎರಡು ತಿಂಗಳು ಬಂದ ರಟ್ಟಿನ ಪೆಟ್ಟಿಗೆಗಳನ್ನು ಬಿಸಾಡದೆ ಅಟ್ಟದಲ್ಲಿಡಿ. ಅದರಲ್ಲಿ ದೊಡ್ಡದು ಒಂದು, ಮಧ್ಯಮದ್ದು ಒಂದು, ಎರಡೂ ಒಟ್ಟಿಗೆ ಹಿಡಿಯುವಷ್ಟು ಇದ್ದರೆ ಸಾಕು. ನಮಗೆ ಎರಡು ಅಡಿ ಅಗಲ, ಒಂದೂವರೆ ಅಡಿ ಆಳ, ಎರಡೂವರೆ ಅಡಿ ಎತ್ತರ ಸರಿಹೋಯಿತು. ವರ್ಷಕ್ಕೊಮ್ಮೆ ಬರುವ ಮಿಕ್ಸಿಗೋ ಫ್ಯಾನಿಗೋ ಲೆಕ್ಕ ಹಿಡಿದು ಕಪಾಟಿನಷ್ಟು ದೊಡ್ಡದು ಮಾಡಿಸುವುದು ದುಡ್ಡು ದಂಡ. ಅವತ್ತೊಂದು ದಿನ ಮನೆಯಲ್ಲೇ ಇದ್ದರಾಯಿತು, ಅಲ್ವಾ?

ಯಾವುದರಿಂದ ಮಾಡಿಸುವುದು?

ಅತಿ ಅಗ್ಗದ ದಾರಿ ಮೊದಲು ಹೇಳುತ್ತೇನೆ. ನೀಲಿ ಪ್ಲಾಸ್ಟಿಕ್ ಡ್ರಮ್. ಬಾಯಿ ಪೂರ್ತಿ ತೆರೆಯುವಂಥದ್ದು, ಮುಚ್ಚಳದ ಸುತ್ತ ತಗಡಿನ ಕ್ಲಾಂಪ್ ಬಳೆ ಇರುವಂಥದ್ದು. ಕ್ಲಾಂಪಿನ ಹಿಡಿಕೆಯಲ್ಲಿ ಬೀಗ ಹಾಕಲು ತೂತೂ ಇರುತ್ತದೆ. ತುಕ್ಕಿಲ್ಲ, ಒರಲೆ (ಗೆದ್ದಲು) ಇಲ್ಲ, ರಬ್ಬರ್ ಬಳೆ ಸರಿಯಾಗಿ ಕೂತರೆ ಇರುವೆಯೂ ಇಲ್ಲ. ಮಂಗ ಎಷ್ಟು ಹಾರಿ ಕುಣಿದರೂ ಕ್ಲಾಂಪ್ ತೆಗೆಯುವುದು ಅದಕ್ಕೆ ಒಗ್ಗಿಲ್ಲ, ಇಲ್ಲಿಯವರೆಗಂತೂ. ಆದರೆ ರಾಸಾಯನಿಕ ತುಂಬಿ ಬಂದ ಹಳೆ ಡ್ರಮ್ ಬೇಡ. ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ, ಒಳಗಿಡುವುದು ತಿನ್ನುವ ಸಾಮಾನು. ಹೊಸದೇ ತನ್ನಿ. ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ ಕೆಲವೇ ವರ್ಷದಲ್ಲಿ ಪುಡಿಪುಡಿ, ಹಾಗಾಗಿ ಮೇಲೊಂದು ಶೀಟಿನ ಮಾಡು ಬೇಕು. ಕ್ಲಾಂಪಿಗೆ ತಿಂಗಳಿಗೊಮ್ಮೆ ಗ್ರೀಸ್. ನಮ್ಮಲ್ಲಿ ಈಗಲೂ ಒಂದು ಡ್ರಮ್ ಇದೆ, ತೋಟದ ಸಾಮಾನಿಗೆ.

ತೋಟದ ಸಾಮಾನಿಗೇ ಬೇರೆ ಯಾಕೆ ಅಂದರೆ, ಮೈಲುತುತ್ತದ ಕತೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕಾಲಕ್ಕೆ ಎಲ್ಲರ ಮನೆಗೂ ಬರುತ್ತದೆ. ಒದ್ದೆ ಮೈಲುತುತ್ತ ಜಿಂಕ್ ಲೇಪವನ್ನೂ ತಿನ್ನುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಒಂದು ಹಿಡಿ ಚೆಲ್ಲಿದ ಜಾಗದಲ್ಲಿ ನಮ್ಮ ಮೊದಲ ಡಬ್ಬಿಯ ತಳ ತೂತಾಯಿತು. ಅದಕ್ಕಿಂತ ಹೆಚ್ಚಾಗಿ, ವಿಷದ ಪಕ್ಕ ಅವಲಕ್ಕಿ ಇಡುವುದು ಸರಿಯಲ್ಲ.

ಆ ಮೊದಲ ಡಬ್ಬಿ ಅಂದೆನಲ್ಲ, ಅದು ಮಾವನ ಕಾಲದ ಟ್ರಂಕು. ಎರಡೇ ಮಳೆಗಾಲ ಬಾಳಿತು. ಆಮೇಲೆ ಮಾಡಿಸಿದ್ದು ಜಿಐ ಶೀಟಿನದು (ಜಿಂಕ್ ಲೇಪದ ಕಬ್ಬಿಣದ ತಗಡು), 1.2 ಮಿಲಿಮೀಟರ್ ದಪ್ಪ. ವೆಲ್ಡಿಂಗ್ ಶಾಪಿನಲ್ಲಿ 18 ಗೇಜ್ ಅನ್ನುತ್ತಾರೆ. ಅಲ್ಲಿ ದರ ಹೇಳುವುದು ಹೆಚ್ಚಾಗಿ ಕೆಜಿ ಲೆಕ್ಕದಲ್ಲಿ. ಮೇಲೆ ಹೇಳಿದ ಅಳತೆಗೆ ಶೀಟೇ ಸುಮಾರು 20 ಕೆಜಿ ಆಗುತ್ತದೆ, ಕಾಲು, ಆ್ಯಂಗಲ್ ಬೇರೆ. ಬೇಡದ ದಪ್ಪ ಆ್ಯಂಗಲ್ ಹಾಕಿದರೆ ನಿಮ್ಮ ಬಿಲ್ ಏರುತ್ತದೆ, ಮೊದಲೇ ಕೇಳಿಕೊಳ್ಳಿ.

ಸಮುದ್ರಕ್ಕೆ ಹತ್ತಿರದವರಿಗೆ ಜಿಐ ಅಷ್ಟು ದಿನ ಬಾಳುವುದಿಲ್ಲ. ಸ್ಟೀಲ್ ಬೇಕು, ಆದರೆ ಯಾವ ಸ್ಟೀಲ್ ಅನ್ನುವುದೇ ಪ್ರಶ್ನೆ. ತಂಗಿಗೆ ಅಂಗಡಿಯವರು ಅಯಸ್ಕಾಂತ ಹಿಡಿದು, 'ನೋಡಿ ಅಕ್ಕ, ಅಂಟೂದಿಲ್ಲ, ಪಕ್ಕಾ ಸ್ಟೀಲು' ಅಂದರಂತೆ. ಒಂದೇ ವರ್ಷದಲ್ಲಿ ಕಂದು ಕಲೆ. ಅಯಸ್ಕಾಂತ ಅಂಟದಿದ್ದರೆ ಅದು ಒಳ್ಳೆಯ 304 ಗ್ರೇಡಿನ ಸ್ಟೀಲ್ ಅಂತ ಆಗಲಿಲ್ಲ, ಅಗ್ಗದ 202 ಗ್ರೇಡಿಗೂ ಅಂಟುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. 304 ಆದರೂ ಕಡಲ ಗಾಳಿಗೆ ಕಲೆ ಹಿಡಿಯುತ್ತದೆ, ಆಗಾಗ ಸಿಹಿನೀರಲ್ಲಿ ಒರೆಸಬೇಕು. 316ರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ, ರೇಟೂ ಹಾಗೇ ಇದೆ. ನನ್ನ ಕೇಳಿದರೆ ಅಲೆ ಸದ್ದು ಕೇಳುವಷ್ಟು ಹತ್ತಿರ ಮನೆ ಇದ್ದವರು ಲೋಹದ ಗೋಜಿಗೇ ಹೋಗಬೇಡಿ, ಫೈಬರ್ ಅಥವಾ ದಪ್ಪ ಪ್ಲಾಸ್ಟಿಕ್ ತಗೊಳ್ಳಿ. ಮತ್ತೆ ಸ್ಟೀಲ್ ಡಬ್ಬಿಗೆ ಜಿಐ ಸ್ಕ್ರೂ ಹಾಕಲು ಬಿಡಬೇಡಿ. ಡಬ್ಬಿ ನೆಟ್ಟಗಿರುತ್ತದೆ, ಸ್ಕ್ರೂ ಕರಗಿ ಬಾಗಿಲು ಕೈಗೆ ಬರುತ್ತದೆ.

ಮರದ್ದು ಬೇಕು ಅನ್ನುವವರಿಗೆ: ಹಲಸಿನ ಹಲಗೆ ಆದೀತು, ಕಾಲು ಮಾತ್ರ ಮಣ್ಣಿಗೆ ತಾಗಬಾರದು. ಒರಲೆ ದಾರಿ ಹುಡುಕಿಕೊಂಡು ಬರುತ್ತದೆ.

ವೆಲ್ಡಿಂಗ್ ಶಾಪಿನಲ್ಲಿ ಹೇಳಬೇಕಾದ್ದು

ಅವರಿಗೆ ಗೇಟು, ಗ್ರಿಲ್ ಮಾಡಿ ಗೊತ್ತು. ಡಬ್ಬಿ ಅಂದರೆ ಕಪಾಟಿನ ಹಾಗೆ ಚಪ್ಪಟೆ ತಲೆ ಇಟ್ಟು ಕೊಡುತ್ತಾರೆ. ಅದಕ್ಕೆ ಒಂದು ಕಾಗದದಲ್ಲಿ ಚಿತ್ರ ಬರೆದು ಒಯ್ಯಿರಿ.

ಮಾಡು ಹಿಂದಕ್ಕೆ ಇಳಿಜಾರು ಇರಲಿ. ಮುಂದೆ ಬಾಗಿಲಿನಿಂದ ನಾಲ್ಕು ಬೆರಳು ಹೊರಗೆ ಚಾಚಬೇಕು, ತುದಿ ಕೆಳಕ್ಕೆ ಮಡಚಿರಬೇಕು. ಮಡಚದಿದ್ದರೆ ನೀರು ತಗಡಿನ ಅಡಿಗೆ ಅಂಟಿಕೊಂಡೇ ಹರಿದು ನೇರ ಬಾಗಿಲ ಸಂದಿಗೆ ಬರುತ್ತದೆ. ಈ ಅರ್ಧ ಇಂಚಿನ ಮಡಿಕೆ ಇಲ್ಲದೆ ನಾನು ಒಂದು ಮಳೆಗಾಲ ಪೂರ್ತಿ ಹಳೆ ಟವೆಲ್ ತುರುಕಿ ಕಳೆದೆ. ಬಾಗಿಲ ಸುತ್ತ ರಬ್ಬರ್ ಬೀಡಿಂಗ್ ಹಾಕಿಸಿ, ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುವಂಥದ್ದು ಚೆನ್ನಾಗಿರುತ್ತದೆ.

ಎಷ್ಟು ತಡೆದರೂ ಸ್ವಲ್ಪ ನೀರು ಒಳಗೆ ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಅದು ಹೊರಗೆ ಹೋಗಲು ತಳದ ನಾಲ್ಕು ಮೂಲೆಗೆ ಚಿಕ್ಕ ತೂತು. ಗಾಳಿಯಾಡಲು ಪಕ್ಕದಲ್ಲಿ, ಮಾಡಿನ ಕೆಳಗೆ ಎರಡು ಸಾಲು ತೂತು. ಎಲ್ಲಕ್ಕೂ ಸ್ಟೀಲ್ ಜಾಳಿ, ಇಲ್ಲದಿದ್ದರೆ ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಗಾಳಿಯೇ ಇಲ್ಲದ ಡಬ್ಬಿಯಲ್ಲಿ ಆಗಸ್ಟ್ ತಿಂಗಳಲ್ಲಿ ರಟ್ಟಿಗೆ ಎರಡು ದಿನದಲ್ಲಿ ಬೂಸ್ಟು. ಒಳಗೆ ತಳಕ್ಕೆ ನಾನು ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಜೋಡಿಸಿ ಹಾಸಿದ್ದೇನೆ. ಸಾಮಾನು ತಗಡಿಗೆ ತಾಗುವುದಿಲ್ಲ, ದಬ್ಬೆ ಹಾಳಾದರೆ ಮರುವರ್ಷ ಬೇರೆ. ದುಡ್ಡು ಕೊಟ್ಟು ತರಬೇಕಾದ್ದಲ್ಲವಲ್ಲ.

ಜಿಐ ಶೀಟಿಗೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಜಿಂಕ್ ಸುಟ್ಟು ಹೋಗಿರುತ್ತದೆ. ತುಕ್ಕು ಶುರುವಾಗುವುದೇ ಅಲ್ಲಿಂದ. ಬಣ್ಣ ಹೊಡೆಯುವ ಮೊದಲು ಆ ಜೋಡುಗಳಿಗೆಲ್ಲ ಜಿಂಕ್ ಪೇಂಟ್ ಹೊಡೆಸಿ, ಎದುರು ನಿಂತು ನೋಡಿ. ಮೇಲಿನ ಬಣ್ಣ ಬಿಳಿ ಅಥವಾ ತಿಳಿ ಬಣ್ಣ. ಏಪ್ರಿಲ್ ಬಿಸಿಲಿಗೆ ಕಪ್ಪು ಡಬ್ಬಿಯೊಳಗೆ ಚಾಕಲೇಟು ಪಾನಕ ಆಗುತ್ತದೆ.

ಬೀಗ

ಇಲ್ಲಿ ಮೂರು ದಾರಿ ಇದೆ. ಕೀಲಿ ಇಲ್ಲದೆಯೂ ಒತ್ತಿದರೆ ಬೀಳುವ ಬೀಗವನ್ನು ತೆರೆದು ನೇತು ಹಾಕಿಡುವುದು ಒಂದು. ಹುಡುಗ ಪಾರ್ಸೆಲ್ ಒಳಗಿಟ್ಟು ಬೀಗ ಒತ್ತಿ ಹೋಗುತ್ತಾನೆ. ತಗೊಳ್ಳುವಾಗ ಅಂಗಡಿಯಲ್ಲೇ ಒತ್ತಿ ನೋಡಿ, ಕೆಲವು ಬೀಗಕ್ಕೆ ಹಾಕಲೂ ಕೀಲಿ ಬೇಕು. ದಿನಕ್ಕೆ ಒಂದೇ ಪಾರ್ಸೆಲ್ ಬರುವ ಹಳ್ಳಿ ಮನೆಗೆ ಇದು ಧಾರಾಳ ಸಾಕು.

ದಿನಕ್ಕೆ ಎರಡು ಮೂರು ಬರುವಲ್ಲಿ ನಂಬರ್ ಬೀಗ. ಮೂರು ಅಂಕೆಯದಕ್ಕೆ 1,000 ಜೋಡಣೆ, ನಾಲ್ಕು ಅಂಕೆಯದಕ್ಕೆ 10,000. ನಾಲ್ಕರದ್ದೇ ತನ್ನಿ. ನಂಬರನ್ನು ಆ್ಯಪಿನ ಡೆಲಿವರಿ ಸೂಚನೆಯಲ್ಲಿ ಬರೆಯಬಹುದು, ತಿಂಗಳಿಗೊಮ್ಮೆ ಬದಲಿಸಿ. ಪಿನ್ ಕೋಡಿನ ಕೊನೆಯ ಅಂಕೆ, ಸ್ಕೂಟರ್ ನಂಬರ್ ಇಡಬೇಡಿ. ಹಾಗೆ ಇಡುವವರೇ ಜಾಸ್ತಿ.

ಮೂರನೆಯದು ಪೋಸ್ಟ್ ಡಬ್ಬಿಯ ರೀತಿ. ಮೇಲೆ ವಾಲುವ ಒಂದು ಬಾಗಿಲು, ಅದನ್ನು ತೆರೆದಾಗ ಅದರ ಬೆನ್ನು ಕೆಳಗಿನ ಖಾನೆಯನ್ನು ಮುಚ್ಚುತ್ತದೆ, ಬಿಟ್ಟಾಗ ಸಾಮಾನು ಕೆಳಗೆ ಬೀಳುತ್ತದೆ. ಕೈ ಹಾಕಿ ತೆಗೆಯಲು ಬರುವುದಿಲ್ಲ. ತಂಗಿಗೆ ಇದೇ ಸರಿ, ರಸ್ತೆ ಬದಿಯ ಮನೆ. ಆದರೆ ಬಿದ್ದರೆ ಮೊಟ್ಟೆ ಒಡೆಯುತ್ತದೆ, ಉಪ್ಪಿನಕಾಯಿ ಬಾಟಲಿಯೂ. ತಳಕ್ಕೆ ಹಳೆ ನಾರಿನ ಮ್ಯಾಟ್ ಎರಡು ಮಡಿಕೆ ಹಾಕಿದ್ದಾಳೆ.

ಮೊಬೈಲಿನಿಂದ ತೆಗೆಯುವ ಬೀಗ ನನಗೆ ಹಿಡಿಸಲಿಲ್ಲ. ನೆಟ್‌ವರ್ಕ್ ಇಲ್ಲದ ದಿನವೇ ಡಬ್ಬಿ ಬೇಕಾಗುವುದು. ಬೀಗ ಹಿತ್ತಾಳೆಯದ್ದಿರಲಿ, ಮೇಲೆ ಹಳೆ ಸೈಕಲ್ ಟ್ಯೂಬಿನ ತುಂಡೊಂದು ಮುಚ್ಚುವ ಹಾಗೆ ಕಟ್ಟಿ. ತೆಂಗಿನೆಣ್ಣೆ ಬಿಡಬೇಡಿ, ಅಂಟಾಗಿ ಧೂಳು ಹಿಡಿಯುತ್ತದೆ, ಹೊಲಿಗೆ ಮಿಷನ್ನಿನ ಎಣ್ಣೆ ಸಾಕು.

ಬಿಗಿಯುವುದು

ಚಿರೆಕಲ್ಲಿನ ಗೋಡೆಗೆ ಆ್ಯಂಕರ್ ಬೋಲ್ಟ್ (ತೂತಿನೊಳಗೆ ಅರಳಿ ಹಿಡಿಯುವಂಥದ್ದು) ಹೊಡೆದರೆ ನಿಲ್ಲುವುದಿಲ್ಲ. ಕಲ್ಲು ಮೆತ್ತಗೆ, ಬೋಲ್ಟ್ ಅರಳಿದಂತೆ ಪುಡಿಯಾಗುತ್ತದೆ. ಗೋಡೆಯ ಆಚೆಗೆ ಬೋಲ್ಟ್ ದಾಟಿಸಿ, ಅಲ್ಲಿ ಪಟ್ಟಿ ಕೊಟ್ಟು ನಟ್ ಬಿಗಿಯಿರಿ. ಇಲ್ಲವೇ ಕಾಲುಗಳನ್ನು ಒಂದೂವರೆ ಅಡಿ ಕಾಂಕ್ರೀಟಿನಲ್ಲಿ ಹೂಳಿ. ಬೋಲ್ಟಿನ ತಲೆ ಡಬ್ಬಿಯ ಒಳಗೇ ಇರಲಿ. ಕಾಲಿಗೆ ಗ್ರೀಸ್ ಹಚ್ಚಿದ ಬಟ್ಟೆ ಸುತ್ತಿದರೆ ಇರುವೆ ಹತ್ತುವುದು ಕಡಿಮೆ.

ತಣ್ಣಗಿರಬೇಕಾದ ಸಾಮಾನು

ಹಾಲು, ಮೊಸರು, ಮೀನು. ಸಾಮಾನ್ಯ ಲೆಕ್ಕ ಹೀಗೆ: ಬೇಗ ಕೆಡುವ ಪದಾರ್ಥ ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದು, 32 ಡಿಗ್ರಿ ದಾಟಿದ ದಿನ ಒಂದೇ ತಾಸು. ಕರಾವಳಿಯ ಬೇಸಿಗೆಯಲ್ಲಿ ಒಂದು ತಾಸು ಅಂತಲೇ ಹಿಡಿಯಿರಿ. ಡಬ್ಬಿಯೊಳಗೆ ಒಂದು ಥರ್ಮಕೋಲ್ ಪೆಟ್ಟಿಗೆ, ಅದರಲ್ಲಿ ರಾತ್ರಿ ಫ್ರೀಜರ್‌ನಲ್ಲಿಟ್ಟ ಎರಡು ನೀರಿನ ಬಾಟಲಿ ಇಟ್ಟರೆ ಬೆಳಿಗ್ಗೆಯ ಹಾಲಿಗೆ ಸಾಕಾಗುತ್ತದೆ. ಕಾರವಾರದ ಮೀನು ಮಾರ್ಕೆಟಿನಲ್ಲಿ ಬಳಸಿ ಬಿಟ್ಟ ಥರ್ಮಕೋಲ್ ಡಬ್ಬಿ ಬೇಕಷ್ಟು ಸಿಗುತ್ತವೆ ಅಂತ ತಂಗಿ ಒಂದು ತಂದಿದ್ದಳು. ಕೇರಿಯ ಬೆಕ್ಕುಗಳೆಲ್ಲ ಒಂದು ವಾರ ಡಬ್ಬಿಯ ಸುತ್ತ ಧರಣಿ ಕೂತವು. ಹೊಸದೇ ತನ್ನಿ.

ಇನ್ಸುಲಿನ್ ಮಾತ್ರ ಯಾವ ಕಾರಣಕ್ಕೂ ಡಬ್ಬಿಗೆ ಹಾಕಿಸಬೇಡಿ. ಅದು 2ರಿಂದ 8 ಡಿಗ್ರಿಯಲ್ಲಿರಬೇಕು, ಕೈಗೇ ತೆಗೆದುಕೊಳ್ಳಿ.

ಹುಡುಗರಿಗೆ ತಿಳಿಸುವುದು

ಡಬ್ಬಿ ಎಷ್ಟು ಚೆನ್ನಾಗಿದ್ದರೂ ಅದು ಡಬ್ಬಿ ಅಂತ ಹುಡುಗರಿಗೆ ಗೊತ್ತಾಗಬೇಕು. ನಮ್ಮದಕ್ಕೆ ಮೊದಲ ತಿಂಗಳು ಯಾರೂ ಕೈ ಹಾಕಲಿಲ್ಲ. 'ಅಕ್ಕಾ, ಅದು ಕರೆಂಟಿಂದು ಮೀಟರ್ ಡಬ್ಬಿ ಅಂದ್ಕಂಡೆ' ಅಂದ ಒಬ್ಬ. ಈಗ ದೊಡ್ಡ ಅಕ್ಷರದಲ್ಲಿ ಬಣ್ಣದಲ್ಲೇ ಬರೆಸಿದ್ದೇನೆ: 'ಪಾರ್ಸೆಲ್ ಇಲ್ಲಿಡಿ. ಬೀಗ ಒತ್ತಿ. ಫೋಟೋ ತೆಗೆಯಿರಿ.' ಹೊರಗಿನ ಹುಡುಗರೂ ಬರುತ್ತಾರೆ, ಕೆಳಗೆ ಹಿಂದಿಯಲ್ಲೂ ಒಂದು ಸಾಲು ಇರಲಿ. ಬಾಗಿಲಿಗೆ ದನದ ಕೊರಳ ಗಂಟೆ ಕಟ್ಟಿದ್ದೇನೆ. ಮಳೆ ಇಲ್ಲದ ದಿನ ಮನೆಗೇ ಕೇಳುತ್ತದೆ.

ವಿಳಾಸದಲ್ಲಿ ಮನೆಯ ದಾರಿ ಬೇಡ, ಡಬ್ಬಿಯ ದಾರಿ ಬರೆಯಿರಿ. 'ಹಾಲಿನ ಡೇರಿ ದಾಟಿ ಎಡಕ್ಕೆ ಮೊದಲ ದಣಪೆ, ಬಿಳಿ ಡಬ್ಬಿ.' ಮ್ಯಾಪಿನ ಗುರುತೂ ಡಬ್ಬಿಯ ಮೇಲೇ ಇರಲಿ, ಮನೆಯ ಮೇಲಲ್ಲ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ. ದೇಶವನ್ನೆಲ್ಲ ಸುಮಾರು 4 ಮೀಟರ್ ಚೌಕ ಮಾಡಿ ಒಂದೊಂದಕ್ಕೂ 10 ಅಕ್ಷರ, ಅಂಕೆಗಳ ಗುರುತು ಕೊಟ್ಟಿದ್ದಾರೆ. ಮನೆ ನಂಬರೇ ಇಲ್ಲದ ನಮ್ಮಂಥವರಿಗೆ ಇದು ಒಳ್ಳೆಯದು. ಡಬ್ಬಿ ಎದುರು ನಿಂತು ನಿಮ್ಮದನ್ನು ತೆಗೆದು ಬರೆದಿಟ್ಟುಕೊಳ್ಳಿ.

ಡಬ್ಬಿಗೆ ಬರುವ ಸಾಮಾನಿಗೆ ದುಡ್ಡು ಮೊದಲೇ ಕಟ್ಟಿರಬೇಕು. ಒಟಿಪಿ ಕೇಳುವ ಪಾರ್ಸೆಲ್ ಆದರೆ ನೆಟ್‌ವರ್ಕ್ ಇರುವಲ್ಲಿನ ಮಗನ ನಂಬರ್ ಕೊಡಿ. ಹಿರಿಯರಿಗೆ ಒಂದು ಮಾತು ಬಿಡಿಸಿ ಹೇಳಿ: ನಾವು ತರಿಸದ ಪಾರ್ಸೆಲ್ಲಿಗೆ ಯಾರೇ ಫೋನ್ ಮಾಡಿ ಒಟಿಪಿ ಕೇಳಿದರೂ ಕೊಡಬಾರದು, ದುಡ್ಡೂ ಕೊಡಬಾರದು. ಮೋಸ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮೊಬೈಲ್, ಚಿನ್ನ, ಸಹಿ ಹಾಕಿ ಪಡೆಯುವ ಟಪಾಲು, ಇವು ಕೈಗೇ ಬರಲಿ. 'ಡಬ್ಬಿಯಲ್ಲಿಡಿ' ಅಂತ ನೀವೇ ಬರೆದ ಮೇಲೆ ಕಳೆದುಹೋಯಿತು ಅಂತ ವಾದಿಸುವುದು ಕಷ್ಟ.

ಒಡೆದದ್ದು, ಬೇರೆಯದ್ದು ಬಂದರೆ ಡಬ್ಬಿಯಿಂದ ತೆಗೆಯುವಲ್ಲಿಂದಲೇ ವಿಡಿಯೋ ಮಾಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ಮಾರಾಟದವರ ದೂರು ಅಧಿಕಾರಿ 48 ತಾಸಿನೊಳಗೆ ದೂರು ಬಂದದ್ದನ್ನು ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಪೇಪರ್ ಪರೀಕ್ಷೆ

ಡಬ್ಬಿ ನಿಲ್ಲಿಸಿದ ಮೇಲೆ ಕೂಡಲೇ ಆರ್ಡರ್ ಮಾಡಬೇಡಿ. ಮೃಗಶಿರ ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಯಲಿ. ಒಳಗೆ ತಳಕ್ಕೆ, ಹಿಂದಿನ ಗೋಡೆಗೆ, ಬಾಗಿಲ ಒಳಮೈಗೆ ಹಳೆ ಪೇಪರ್ ಅಂಟಿಸಿ ಬೀಗ ಹಾಕಿ. ತೋಟಕ್ಕೆ ಬಿಡುವ ಪೈಪು ಹಿಡಿದು ಹತ್ತು ನಿಮಿಷ ನೀರು ಹಾರಿಸಿ, ಮೇಲಿಂದಲ್ಲ, ಪಡುವಣದ ಕಡೆಯಿಂದ ಅಡ್ಡಕ್ಕೆ. ಅರ್ಧ ತಾಸು ಬಿಟ್ಟು ತೆರೆಯಿರಿ. ಪೇಪರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಅಷ್ಟಕ್ಕೆ ಸಂದು ಮುಚ್ಚುವ ಸಿಲಿಕೋನ್ ಅಂಟು ತುಂಬಿ. ಮರುದಿನ ಮತ್ತೆ ಪೇಪರ್, ಮತ್ತೆ ನೀರು. ನನ್ನದು ಮೂರನೇ ದಿನ ಪಾಸಾಯಿತು. ಬಾಗಿಲ ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಈಗಲೂ ಒಂದು ಬೆರಳಗಲ ಒದ್ದೆಯಾಗುತ್ತದೆ, ಅಲ್ಲಿ ಏನನ್ನೂ ಇಡುವುದಿಲ್ಲ.